ಪಂಢರಪುರಕ್ಕೆ ಹೊರಟ ಮೂರು ಬಸ್ಸು

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಆ ದಿನ ಮಾಡಿದ ಒಂದು ಕೆಲಸವನ್ನು ನಮ್ಮ ಭಜನಾ ಮಂಡಳಿಯ ಕೆಲವರು ಧೈರ್ಯ ಎಂದು ಕರೆಯುತ್ತಾರೆ. ಲೋಕಲ್ ರೈಲಿನಲ್ಲಿ ಇಳಿಯುವ ಸ್ಟೇಷನ್ ಇನ್ನೂ ಮೂರು ಇದೆ ಎನ್ನುವಾಗಲೇ ಬಾಗಿಲ ಹತ್ತಿರ ನುಸುಳುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಿನಿಂದ ಎಷ್ಟೋ ಸಲ ಮನೆಗೆ ವಾಪಸು ಓಡಿದ್ದೇನೆ. ಇಂಥವಳಿಗೆ ಧೈರ್ಯ ಎಲ್ಲಿಂದ ಬರಬೇಕು.

ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಇತಿಹಾಸದ ಟೀಚರು. ಯುರೋಪಿನ ಧರ್ಮಯುದ್ಧಗಳಿಗೆ ನಮ್ಮ ಪುಸ್ತಕದಲ್ಲಿ ಸಿಕ್ಕಿರುವುದು ಒಂದು ಪುಟ. ಅದರಲ್ಲಿ ನಾಲ್ಕನೆಯ ಧರ್ಮಯುದ್ಧಕ್ಕೆ ಎರಡೇ ಸಾಲು. ಆ ಎರಡು ಸಾಲನ್ನು ನಾನು ಎರಡು ಪಿರಿಯಡ್ ಎಳೆಯುತ್ತೇನೆ. ಬೇರೆ ಪಾಠಗಳಲ್ಲಿ ಆಕಳಿಸುವ ಮಕ್ಕಳು ಇದರಲ್ಲಿ ಕಣ್ಣು ಬಿಟ್ಟುಕೊಂಡು ಕೇಳುತ್ತಾರೆ, ಅದೇ ನನಗೆ ಖುಷಿ.

ಕತೆ ಹೀಗಿದೆ. ಎಂಟುನೂರು ವರ್ಷಗಳ ಹಿಂದೆ ಫ್ರಾನ್ಸಿನ ಕಡೆಯ ಸರದಾರರು ಜೆರುಸಲೇಮನ್ನು ಗೆದ್ದು ಬರುತ್ತೇವೆಂದು ಶಪಥ ಮಾಡಿ, ಅಂಗಿಗೆ ಶಿಲುಬೆ ಹೊಲಿಸಿಕೊಂಡು ಹೊರಟರು. ಸಮುದ್ರ ದಾಟಲು ಹಡಗು ಬೇಕು. ಹಡಗು ಇದ್ದದ್ದು ವೆನಿಸ್ ಊರಿನ ವ್ಯಾಪಾರಿಗಳ ಹತ್ತಿರ. ಇಷ್ಟು ಜನ ಬರುತ್ತೇವೆ, ಇಷ್ಟು ಹಡಗು ಕಟ್ಟಿಸಿಡಿ ಎಂದು ಕರಾರಾಯಿತು. ವೆನಿಸಿನವರು ಬೇರೆ ವ್ಯಾಪಾರವನ್ನೆಲ್ಲ ಬದಿಗಿಟ್ಟು ಹಡಗು ಕಟ್ಟಿದರು. ದಿನ ಬಂದಾಗ ನೋಡಿದರೆ ಹೇಳಿದ್ದರಲ್ಲಿ ಮೂರನೆಯ ಒಂದು ಪಾಲು ಜನ ಮಾತ್ರ ಬಂದಿದ್ದಾರೆ. ಕೊಡಲು ಹಣವಿಲ್ಲ. ಆಗ ವೆನಿಸಿನ ದೊರೆ, ಕಣ್ಣು ಕಾಣದ ಮುದುಕ, ತಾನೂ ಟೊಪ್ಪಿಗೆಗೆ ಶಿಲುಬೆ ಹೊಲಿಸಿಕೊಂಡು ಯಾತ್ರೆಗೆ ಸೇರಿದ. ಬಾಕಿಯ ಮಾತು ಆಮೇಲೆ, ದಾರಿಯಲ್ಲಿ ಜಾರಾ ಎಂಬ ಊರಿದೆ, ಅದು ನಮ್ಮ ಮಾತು ಕೇಳುವುದಿಲ್ಲ, ಮೊದಲು ಅದನ್ನು ಹಿಡಿದುಕೊಡಿ ಎಂದ. ಜಾರಾದವರೂ ಶಿಲುಬೆಗೇ ಕೈ ಮುಗಿಯುವವರು. ನಾವು ನಿಮ್ಮವರೇ ಎಂದು ತಿಳಿಸಲು ಅವರು ಊರಿನ ಗೋಡೆಯ ಮೇಲೆ ಶಿಲುಬೆಗಳನ್ನು ತೂಗಿಬಿಟ್ಟರು. ಆದರೂ ಗೋಡೆ ಬಿತ್ತು. ಅಷ್ಟರಲ್ಲಿ ಪಟ್ಟ ಕಳೆದುಕೊಂಡ ರಾಜಕುಮಾರನೊಬ್ಬ ಬಂದು, ಕಾನ್‌ಸ್ಟಾಂಟಿನೋಪಲಿನ ಗದ್ದುಗೆಯನ್ನು ನಮಗೆ ಕೊಡಿಸಿ, ನಿಮಗೆ ಬೇಕಾದದ್ದೆಲ್ಲ ಕೊಡುತ್ತೇನೆ ಎಂದ. ಅಲ್ಲಿಗೂ ಹೋದರು, ಕೊನೆಗೆ ಆ ಊರನ್ನೇ ಸೂರೆ ಮಾಡಿದರು. ಜೆರುಸಲೇಮಿಗೆ ಹೋಗುವ ಮಾತನ್ನು ಆಮೇಲೆ ಹೆಚ್ಚಿನವರು ಎತ್ತಲೇ ಇಲ್ಲ.

ಜಾರಾದಲ್ಲಿ ಕೆಲವರು ಇದು ನಾವು ಬಂದ ಕೆಲಸವಲ್ಲ ಎಂದು ಗುಂಪು ಬಿಟ್ಟು ಹೋದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಬಿಟ್ಟು ಹೋದವರು ಬಾಕಿಯವರನ್ನು ರೋಕಾ ಕ್ಯೂಂ ನಹೀ?" ಎಂದು ಕೇಳಿದಳು. ತಡೆಯಲು ಹೆದರಿದ್ದಿರಬೇಕು ಎಂದೆ. ಬೋರ್ಡು ಒರೆಸಿದೆ. ಬೆಲ್ಲೂ ಆಯಿತು.

ಇನ್ನು ನಮ್ಮ ಮಂಡಳಿಯ ವಿಷಯ. ಉಡುಪಿ ಕಡೆಯಿಂದ ಬಂದ ಮನೆಗಳು ಸೇರಿ ಕಟ್ಟಿಕೊಂಡದ್ದು. ಹೋಟೆಲ್ ನಡೆಸುವವರು, ಹೋಟೆಲಿನಲ್ಲಿ ದುಡಿಯುವವರು, ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು. ನನ್ನ ಗಂಡ ಅದರ ಕಾರ್ಯದರ್ಶಿ. ಶನಿವಾರ ಶಾಲೆಯ ಹಾಲಿನಲ್ಲಿ ಭಜನೆ. ನಮ್ಮದೇ ಒಂದು ಮಂದಿರ ಬೇಕೆಂಬ ಆಸೆ ನಾವು ತರುಣರಾಗಿದ್ದಾಗಿನಿಂದ ಇದೆ. ಈಗ ಎಲ್ಲರಿಗೂ ಮಂಡಿನೋವು, ಮಂದಿರ ಮಾತ್ರ ಇನ್ನೂ ಆಗಿಲ್ಲ.

ಕಳೆದ ಮಾಘ ಏಕಾದಶಿಗೆ ಪಂಢರಪುರಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಠಾಣೆ, ಕಲ್ಯಾಣ, ಸಾನಪಾಡಾ, ವಿಠ್ಠಲವಾಡಿ, ಎಲ್ಲ ಕಡೆಯ ನಮ್ಮವರು ಬರುತ್ತಾರೆ ಎಂದು ಗಂಡ ಎಂಟು ಬಸ್ಸಿಗೆ ಮಾತು ಕೊಟ್ಟು ಬಂದರು. ಬಸ್ಸಿನ ಧಣಿ ನಮ್ಮ ಕಡೆಯವನೇ. ಸಣ್ಣವನಿದ್ದಾಗ ಹೋಟೆಲಿನಲ್ಲಿ ಟೇಬಲ್ ಒರೆಸಿದವನು, ಈಗ ಬಸ್ಸು, ಕಲ್ಯಾಣ ಮಂಟಪ, ಬಿಲ್ಡಿಂಗು ಎಲ್ಲದರಲ್ಲಿಯೂ ಇದ್ದಾನೆ. ಕಣ್ಣಿನ ಆಪರೇಷನ್ ಆದಮೇಲೆ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಹಾಗಾಗಿ ಅವನು ಯಾರ ಮುಖ ನೋಡಿ ಮಾತಾಡುತ್ತಿದ್ದಾನೆ ಎಂದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ, ಅದಕ್ಕೇ ಅವನ ಮುಂದೆ ಕೂತರೆ ನನ್ನ ಅಂಗೈ ಬೆವರುತ್ತದೆ.

ಹೊರಡಲು ವಾರವಿರುವಾಗ ಲೆಕ್ಕ ಹಾಕಿದರೆ ಮೂರು ಬಸ್ಸಿಗಾಗುವಷ್ಟು ಜನ. ಸಾನಪಾಡಾದವರು ತಮ್ಮ ಕಾರಿನಲ್ಲಿ ಹೋಗುತ್ತಾರಂತೆ. ವಿಠ್ಠಲವಾಡಿಯವರಿಗೆ ಮಕ್ಕಳ ಪರೀಕ್ಷೆ. ಧಣಿ ಆ ಎಂಟು ಬಸ್ಸಿಗೆ ಬಂದ ಮದುವೆ ಬುಕಿಂಗ್‌ಗಳನ್ನು ವಾಪಸು ಕಳಿಸಿದ್ದ. ಗಂಡ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಧಣಿ ತಾನಾಗಿ ಮಂಡಳಿಯ ಸಭೆಗೆ ಬಂದು, ಎಲ್ಲರ ಎದುರು ಒಂದು ತುಳಸಿಮಾಲೆ ತೆಗೆದು ಕುತ್ತಿಗೆಗೆ ಹಾಕಿಕೊಂಡ. ನಾನೂ ನಿಮ್ಮ ಜೊತೆ ಬರುತ್ತೇನೆ ಎಂದ. ಮುದುಕರಿಬ್ಬರು ಅತ್ತೇಬಿಟ್ಟರು.

"ಟೆನ್ಶನ್ ಎಂತ ಬೇಡ. ಬಸ್ಸಿನ ಬಾಕಿ ನನಗೆ ಬಿಡಿ," ಎಂದ. "ಹೊರಡುವ ದಿನ ಘೋಡಬಂದರ್ ರಸ್ತೆಯಲ್ಲಿ ನನ್ನದೊಂದು ಜಾಗ ಉಂಟು. ಅಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಒಂದು ಭಜನೆ ಮಾಡಿಕೊಡಿ. ಮಂಗಳ ಆದಕೂಡಲೇ ಅಲ್ಲಿಂದಲೇ ಸೀದಾ ಪಂಢರಪುರ. ಬೆಳಗಾಗುವಾಗ ವಿಠ್ಠಲನ ಎದುರು."

ಅವನ ಭಾವ ಈ ಸಲ ನಗರಪಾಲಿಕೆಯ ಚುನಾವಣೆಗೆ ನಿಂತಿದ್ದ. ಗೆದ್ದರೆ ಅದೇ ಜಾಗದಲ್ಲಿ ಒಂದು ಮೂಲೆ ಮಂಡಳಿಯ ಮಂದಿರಕ್ಕೆ ಎಂದು ಭಾವನ ಮಾತನ್ನೂ ಧಣಿಯೇ ಹೇಳಿದ. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹಡಗು, ಬಾಕಿ, ಕಪ್ಪು ಕನ್ನಡಕ, ಪಟ್ಟಕ್ಕಾಗಿ ಕಾದಿರುವ ರಾಜಕುಮಾರ, ಒಂದೂ ಬಿಡದೆ ಎಲ್ಲ ಕಣ್ಣೆದುರು ಇತ್ತು. ವರ್ಷವರ್ಷವೂ ಹೇಳಿ ಬಾಯಿಪಾಠವಾದ ಪಾಠ. ಆದರೆ ಅದು ಪಾಠ, ಇದು ನಮ್ಮ ಮಂಡಳಿ. ಇತಿಹಾಸದ ಟೀಚರಿಗೆ ತಾನೂ ಇತಿಹಾಸದೊಳಗೇ ಕೂತಿದ್ದೇನೆ ಎಂದು ಹೊಳೆಯುವುದಿಲ್ಲ, ನಾಚಿಕೆಯ ವಿಷಯ.

ದಶಮಿಯ ದಿನ ಬೆಳಕು ಹರಿಯುವ ಮೊದಲೇ ಮೂರು ಬಸ್ಸು ಹೊರಟವು. ಹೆಂಗಸರಿಗೆಲ್ಲ ಒಂದೇ ನಮೂನೆಯ ಹಳದಿ ಸೀರೆ, ಗಂಡಸರಿಗೆ ಕೇಸರಿ ಶಾಲು. ಶೀಳ್ ಫಾಟಾ ದಾಟಿ, ಬೈಪಾಸ್ ಹಿಡಿದು, ಮೆಟ್ರೋ ಕಂಬಗಳ ಅಡಿಯಲ್ಲಿ ಘೋಡಬಂದರ್ ರಸ್ತೆಗೆ ಬಂದೆವು. ಮಂಜೋ ಧೂಳೋ, ಎದುರಿನ ಲಾರಿ ಕಾಣದಷ್ಟು ದಟ್ಟವಾಗಿತ್ತು. ಒಂದು ಮಾಲಿನ ಪಕ್ಕದ ಗಲ್ಲಿಯಲ್ಲಿ ತಿರುಗಿ, ಹೊಸ ಟವರುಗಳ ಹಿಂದೆ ಸುತ್ತಿ, ತಗಡಿನ ದೊಡ್ಡ ಗೇಟಿನೊಳಗೆ ಬಸ್ಸು ಹೋಯಿತು. ಒಳಗೆ ಸಪಾಟು ಜಾಗ, ನಡುವೆ ಪೆಂಡಾಲು, ಮೂರು ಕಡೆ ಕಟ್ಟಡ ಕಟ್ಟುವಲ್ಲಿ ಬಿಡುವ ಹಸಿರು ಬಲೆ. ಆಳೆತ್ತರದ ಲೌಡ್‌ಸ್ಪೀಕರುಗಳು ಪೆಂಡಾಲಿನ ಕಡೆಗಲ್ಲ, ಹೊರಗೆ ಮುಖ ಮಾಡಿ ನಿಂತಿದ್ದವು.

ನಮ್ಮ ಹಾಗೆಯೇ ಕೇಸರಿ ಶಾಲು ಹೊದ್ದ ಇಪ್ಪತ್ತು ಮೂವತ್ತು ಗಂಡಸರು ಅಲ್ಲಿದ್ದರು. ಒಬ್ಬನ ಗುರುತೂ ನನಗಿಲ್ಲ. ಅವರಲ್ಲಿ ಒಬ್ಬ ಬುಟ್ಟಿ ಹಿಡಿದು ಬಂದು, "ಮೊಬೈಲ್ ಇಸ್ಮೇ ಡಾಲೋ ಮೌಶಿ, ಭಗವಾನ್ ಕಾ ಕಾಮ್ ಹೈ" ಎಂದು ಎಲ್ಲರ ಫೋನು ಇಸಕೊಂಡ. ಕಡೆಯ ಬಸ್ಸು ಒಳಗೆ ಬಂದದ್ದೇ ಗೇಟಿಗೆ ಬೀಗ ಬಿತ್ತು. ಗಂಡನ ತೋಳು ಮುಟ್ಟಿ, "ಗೇಟು ಯಾಕೆ ಹಾಕಿದ್ದು?" ಎಂದೆ.

"ದನ ಬರುತ್ತದೆಯಂತೆ. ನಿನ್ನದೊಂದು ಎಲ್ಲದಕ್ಕೂ ಹೆದರಿಕೆ," ಎಂದರು. ಆದರೆ ನನ್ನ ಮುಖ ನೋಡಲಿಲ್ಲ.

ಸೂರ್ಯ ಎಲ್ಲೋ ಮೂಡಿದ. ದೀಪ ಸ್ಥಾಪನೆಯಾಯಿತು. ನಮ್ಮಲ್ಲಿ ಇದು ಆಟದ ಮಾತಲ್ಲ. ಹೀಗೆ ಸಂಕಲ್ಪ ಮಾಡಿ ದೀಪ ಇಟ್ಟ ಮೇಲೆ ಭಜನೆ ಒಂದು ಗಳಿಗೆಯೂ ನಿಲ್ಲಬಾರದು. ಒಬ್ಬರ ಸ್ವರ ಸೋತರೆ ಇನ್ನೊಬ್ಬರು ಎತ್ತಿಕೊಳ್ಳಬೇಕು, ತಾಳ ಕೈಯಿಂದ ಕೈಗೆ ಹೋಗಬೇಕೇ ಹೊರತು ನೆಲಕ್ಕೆ ಇಡುವ ಹಾಗಿಲ್ಲ. ಮಂಗಳ ಹಾಡಿದ ಮೇಲೆಯೇ ಏಳುವುದು.

ಇದನ್ನೆಲ್ಲ ನನಗೆ ಕಲಿಸಿದವಳು ಅಕ್ಕ. ಸ್ವಂತ ಅಕ್ಕ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾವು ಇದೇ ಘೋಡಬಂದರ್ ರಸ್ತೆಯ ಒಂದು ಬೈಠಿ ಚಾಳಿನಲ್ಲಿ, ಸಾಲಾಗಿ ತಗಡಿನ ಮಾಡಿನ ಕೋಣೆಗಳಿರುವ ವಠಾರದಲ್ಲಿ, ಐದು ವರ್ಷ ಇದ್ದೆವು. ಅಕ್ಕ ಪಕ್ಕದ ಕೋಣೆಯವಳು. ಗಂಡ ಹೋಟೆಲಿನ ಅಡುಗೆಯವನಾಗಿದ್ದು ಬೇಗ ತೀರಿಕೊಂಡಿದ್ದ. ಅವಳು ದೋಸೆ ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುತ್ತಿದ್ದಳು. ನನ್ನ ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದು ಅವಳು. ಶನಿವಾರ ತನ್ನ ಕೋಣೆಯಲ್ಲಿ ಭಜನೆಗೆ ಕೂರಿಸಿ ನನ್ನ ಬಾಯಿ ಬಿಡಿಸಿದ್ದೂ ಅವಳೇ. ನನಗೆ ಮೇಲಿನ ಸ್ವರದಲ್ಲಿ ಗಂಟಲು ಸ್ವಲ್ಪ ಒಡೆಯುತ್ತದೆ. ಅಕ್ಕ ಅದನ್ನು ತಿದ್ದಲಿಲ್ಲ. "ಇರಲಿ ಮಗಾ, ಸಾವಿರ ಜನರ ನಡುವೆ ಹಾಡಿದರೂ ನಿನ್ನದು ಅಂತ ಗೊತ್ತಾಗ್ತದೆ," ಎಂದಿದ್ದಳು.

ಒಂದು ಶನಿವಾರ ಭಜನೆಯ ನಡುವೆ ಮಗಳಿಗೆ ಜ್ವರ ಏರಿ ಕಣ್ಣು ಮೇಲೆ ಹೋಯಿತು. ಎರಡು ದಾಸರ ಪದವೂ ಮುಗಿದಿರಲಿಲ್ಲ. ನಾನು ದೀಪ ನೋಡುತ್ತೇನೆ, ಮಗಳನ್ನು ನೋಡುತ್ತೇನೆ, ಏಳಲು ಹೆದರಿಕೆ. ಅಕ್ಕ ಅಲ್ಲಿಂದಲ್ಲಿಗೇ ಮಂಗಳ ಎತ್ತಿದಳು. ಎಲ್ಲರೂ ಎದ್ದು ನಿಂತರು. ಮಂಗಳವನ್ನು ಯಾರು ಎತ್ತಿದರೂ ಉಳಿದವರು ಎದ್ದು ನಿಂತು ಸೇರಲೇಬೇಕು, ಅದು ಪದ್ಧತಿ. ಹಾಡಿ ಮುಗಿಸಿ ಮಗುವನ್ನು ಎತ್ತಿಕೊಂಡು ಡಾಕ್ಟರರ ಹತ್ತಿರ ಓಡಿದಳು. ಆಮೇಲೆ ನಾನು ದೋಷ ಬರುವುದಿಲ್ಲವಾ ಎಂದು ಕೇಳಿದ್ದಕ್ಕೆ, "ಮಗುವಿಗೆ ಜ್ವರ ಇರುವಾಗ ದೇವರಿಗೆ ಎಂತ ಹಟ?" ಎಂದಿದ್ದಳು.

ಚಾಳು ಬಿಟ್ಟು ಡೊಂಬಿವಲಿಗೆ ಫ್ಲ್ಯಾಟಿಗೆ ಬಂದಮೇಲೆ ಹಬ್ಬಕ್ಕೊಂದು ಫೋನು, ಅಷ್ಟೇ ಉಳಿಯಿತು. ದೀಪಾವಳಿಗೆ ಮಾತಾಡಿದಾಗ ಅಕ್ಕ, "ಬಿಲ್ಡರಿನವರು ಬಂದು ಬಂದು ಕೋಣೆ ಬಿಡಿ ಅಂತಾರೆ. ಕೋರ್ಟಿಂದ ಕಾಗದ ತಂದಿದ್ದೇವೆ. ಆದರೂ ಹೆದರಿಕೆ ಆಗ್ತದೆ. ನೀನೊಮ್ಮೆ ಬಂದು ಹೋಗು," ಎಂದಳು. ಬರುತ್ತೇನೆ ಎಂದೆ. ಪರೀಕ್ಷೆ ಬಂತು, ಪೇಪರು ತಿದ್ದುವುದು ಬಂತು. ಹೋಗಲಿಲ್ಲ. ಇದಕ್ಕೆ ನಾನು ಕೊಡಬಹುದಾದ ಒಳ್ಳೆಯ ಕಾರಣ ಯಾವುದೂ ಇಲ್ಲ.

ಭಜನೆಗೆ ತಿರುಗಿ ಬರುತ್ತೇನೆ. ಮೊದಲ ಸರದಿ ಹೆಂಗಸರದು. ಮೈಕು ನನ್ನ ಎದುರಿಗಿತ್ತು. ನನ್ನ ಸ್ವರ ಆ ಲೌಡ್‌ಸ್ಪೀಕರುಗಳಿಂದ ಹೊರಟು ಎಲ್ಲೋ ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸು ಬರುತ್ತಿತ್ತು. ಎರಡು ಗಂಟೆ ಹಾಡಿದೆವು. ತಬಲ, ಹಾರ್ಮೋನಿಯಂ, ಇಪ್ಪತ್ತು ಜೊತೆ ತಾಳ. ಈ ಗದ್ದಲದ ನಡುವೆ ಕೂತಲ್ಲಿಯ ಹಲಗೆ ಆಗಾಗ ನಡುಗುತ್ತಿರುವುದು ತೊಡೆಗೆ ತಾಗಿತು. ಮೆಟ್ರೋ ಕೆಲಸ ಇರಬೇಕು ಎಂದುಕೊಂಡೆ. ಆದರೆ ಅದು ತಾಳಕ್ಕೆ ಹೊಂದದೆ, ತನ್ನಷ್ಟಕ್ಕೆ, ಧಡ್ ಧಡ್ ಎಂದು ಬರುತ್ತಿತ್ತು. ನಾವು ಒಂದು ಪದ ಮುಗಿಸಿ ಇನ್ನೊಂದಕ್ಕೆ ಸ್ವರ ಇಳಿಸಿದಾಗ ನಿಲ್ಲುತ್ತಿತ್ತು. ಏರಿಸಿದಾಗ ಮತ್ತೆ ಶುರು.

ಹತ್ತು ಗಂಟೆಯ ಹೊತ್ತಿಗೆ ಮಂಜು ಕರಗಿತು. ಹಸಿರು ಬಲೆಯ ಮೇಲುಗಡೆ ಯೇವೂರಿನ ಬೆಟ್ಟ ಕಂಡಿತು. ಎರಡು ಗುಡ್ಡೆ, ನಡುವೆ ಒಂದು ತಗ್ಗು, ಎಡಗುಡ್ಡೆಯ ಮೇಲೆ ಬೋಳಾದ ಕಲ್ಲು. ಐದು ವರ್ಷ ಪಾತ್ರೆ ತಿಕ್ಕುವಾಗ ಬಚ್ಚಲಿನ ಕಿಟಕಿಯಿಂದ ನೋಡಿದ ಬೆಟ್ಟ ಅದು. ಆ ಕಲ್ಲು ಹಾಗೆ ಕಾಣುವುದು ಒಂದೇ ಜಾಗದಿಂದ. ನಾನು ತಾಳ ಪಕ್ಕದವಳ ಕೈಗೆ ಕೊಟ್ಟು ಎದ್ದೆ.

ಬಾತ್‌ರೂಮು ಎಂದು ಸನ್ನೆ ಮಾಡಿ ಪೆಂಡಾಲಿನ ಹಿಂದೆ ಹೋದೆ. ಬಲೆ ಹರಿದಿದ್ದ ಕಡೆ ಕಣ್ಣಿಟ್ಟು ನೋಡಿದೆ. ನಮ್ಮ ಚಾಳು. ಹಿಂದಿನ ಸಾಲಿನ ಮೂರು ಕೋಣೆಗೆ ಗೋಡೆಯೇ ಇರಲಿಲ್ಲ. ಕೇಸರಿ ಶಾಲನ್ನು ಸೊಂಟಕ್ಕೆ ಬಿಗಿದ ನಾಲ್ಕೈದು ಜನ ದೊಡ್ಡ ಸುತ್ತಿಗೆ ಎತ್ತಿ ನಾಲ್ಕನೆಯದಕ್ಕೆ ಹೊಡೆಯುತ್ತಿದ್ದರು. ಒಬ್ಬ ಮುದುಕ ಬಾಯಿ ಅಗಲ ತೆರೆದು ಏನೋ ಕೂಗುತ್ತಿದ್ದ. ಅವನ ಸ್ವರ ನನಗೆ ಕೇಳಿಸಲಿಲ್ಲ, ನನಗೆ ಕೇಳಿಸಿದ್ದು ನಮ್ಮ ಮಂಡಳಿಯ ವಿಠ್ಠಲ ನಾಮ. ಐದನೆಯ ಕೋಣೆ ಅಕ್ಕನದು. ಬಾಗಿಲು ಅರ್ಧ ತೆರೆದಿತ್ತು, ಹೊಸ್ತಿಲಿನಲ್ಲಿ ಒಂದು ದೀಪ ಉರಿಯುತ್ತಿತ್ತು. ಹಗಲಿನಲ್ಲಿ ಹೊಸ್ತಿಲಿಗೆ ಯಾಕೆ ದೀಪ ಎಂದು ಆಗ ಅರ್ಥವಾಗಲಿಲ್ಲ.

"ಮೌಶಿ, ಬಾತ್‌ರೂಮ್ ಉಧರ್ ಹೈ," ಎಂದು ಬೆನ್ನ ಹಿಂದೆ ಒಬ್ಬ ಹೇಳಿದ. ಗಟ್ಟಿಯಾಗಿ ಹೇಳಲಿಲ್ಲ. ನಗುತ್ತಾ ನನ್ನ ಮೊಣಕೈ ಹಿಡಿದು ತಿರುಗಿಸಿದ. ಅವನ ಕೈಯಲ್ಲಿ ಸುಣ್ಣದ ಹುಡಿ. ಅದು ನನ್ನ ಹಳದಿ ರವಿಕೆಗೆ ಅಂಟಿತು.

ಹೇಗೋ ಗಂಡನ ಹತ್ತಿರ ಬಂದು ಕೂತೆ. ಗಂಡಸರ ಸರದಿ, ಇವರು ತಾಳ ಹಿಡಿದಿದ್ದರು. ಕಿವಿಯ ಹತ್ತಿರ ಬಾಯಿಟ್ಟು, "ಇದು ನಮ್ಮ ಚಾಳು. ಒಡೆಯುತ್ತಾ ಇದ್ದಾರೆ. ಅಕ್ಕ ಒಳಗಿದ್ದಾಳೆ," ಎಂದೆ.

ತಾಳ ತಪ್ಪಲಿಲ್ಲ. "ನನಗೆ ನಿನ್ನೆ ಸಂಜೆ ಗೊತ್ತಾಯಿತು," ಎಂದರು. "ಎಲ್ಲರೂ ಖಾಲಿ ಮಾಡಿದ್ದಾರೆ, ಚೆಕ್ಕು ಕೊಟ್ಟಾಗಿದೆ ಅಂತ ಧಣಿ ಹೇಳಿದ. ನಿನಗೆ ಹೇಳಿದರೆ ನೀನು ಬರುತ್ತಿರಲಿಲ್ಲ."

"ಖಾಲಿ ಮಾಡಿಲ್ಲ. ನಿಲ್ಲಿಸಿ. ಎಲ್ಲರಿಗೂ ಹೇಳಿ."

"ದೀಪ ಇಟ್ಟಾಗಿದೆ ಮಾರಾಯ್ತಿ. ಸೂರ್ಯಾಸ್ತಕ್ಕೆ ಮೊದಲು ಏಳುವುದು ಹೇಗೆ? ಮೂರು ಬಸ್ಸಿನ ಜನ ಇದ್ದಾರೆ. ಗೇಟಿಗೆ ಬೀಗ ಇದೆ." ಧಣಿಯ ಕಡೆ ಒಮ್ಮೆ ನೋಡಿ, ತಾಳ ಇನ್ನೂ ಜೋರಾಗಿ ಬಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ನನಗಿಂತ ಹೆಚ್ಚು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿಗೆ, ದೀಪದ ಪಕ್ಕ ಕುರ್ಚಿಯಲ್ಲಿ ಧಣಿ ತುಳಸಿಮಾಲೆ ಎಣಿಸುತ್ತಾ ಕೂತಿದ್ದ. ಕಪ್ಪು ಕನ್ನಡಕ ನಮ್ಮ ಕಡೆಗೇ ಇತ್ತು.

ನಾನು ಸುಮ್ಮನೆ ಕೂತೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಎರಡು ಪದ ಮುಗಿಯುವಷ್ಟು ಎಂದು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಆರು ಪದ ಮುಗಿದವು. ಆರನ್ನೂ ನಾನು ಕೂತು ಹಾಡಿದೆ. ಬಾಯಿ ಮುಚ್ಚಿದರೆ ಧಣಿಗೆ ಗೊತ್ತಾಗುತ್ತದೆ ಎಂದು ಬಾಯಿ ಆಡಿಸಿದೆ. ನಡುವೆ ದೀಪ ಕೆಡಿಸಿದರೆ ಮಗಳಿಗೇನಾದರೂ ಆದೀತೆಂದು ಹೆದರಿದೆ. ಇವರನ್ನು ಯಾರಾದರೂ ಹೊಡೆದಾರು ಎಂದು ಹೆದರಿದೆ. ತೊಡೆಗೆ ಧಡ್ ಧಡ್ ಎಂದು ತಾಗುತ್ತಲೇ ಇತ್ತು. ಐದನೆಯ ಕೋಣೆ, ಐದನೆಯ ಕೋಣೆ ಎಂದು ತಲೆಯೊಳಗೆ ಅದೇ ಲೆಕ್ಕ.

ಮೈಕು ಹೆಂಗಸರ ಸರದಿಗೆ ತಿರುಗಿ ಬಂತು. ಏನು ಹಾಡಬೇಕೆಂದು ಹಾರ್ಮೋನಿಯಂನವರು ನನ್ನ ಮುಖ ನೋಡಿದರು. ನಾನು ಮಂಗಳ ಎತ್ತಿದೆ. ಎತ್ತಬೇಕೆಂದು ಯೋಚಿಸಿ ಎತ್ತಿದ್ದಲ್ಲ. ಬಾಯಿ ತೆರೆದಾಗ ಬಂದದ್ದು ಅದು. ಎರಡನೆಯ ಸಾಲಿನಲ್ಲಿ ಗಂಟಲು ಎಂದಿನ ಹಾಗೆ ಒಡೆಯಿತು.

ಹಾರ್ಮೋನಿಯಂ ನಿಂತಿತು. ಎಲ್ಲರೂ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಸೂರ್ಯ ನೆತ್ತಿಗೂ ಬಂದಿರಲಿಲ್ಲ. ಧಣಿ ಕುರ್ಚಿಯಿಂದ ಅರ್ಧ ಎದ್ದು, "ಏ, ಎಂತ ಇದು? ಬಂದ್ ಮಾಡಿ ಟೀಚರೇ," ಎಂದ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬಳು ಮುದುಕಿ ಮಂಡಿಗೆ ಕೈಕೊಟ್ಟು ಎದ್ದು ನಿಂತಳು. ಮಂಗಳ ಶುರುವಾದ ಮೇಲೆ ಕೂತಿರುವುದು ಅವಳಿಂದ ಆಗುವುದಿಲ್ಲ. ಅವಳ ಹಿಂದೆ ಇನ್ನೊಬ್ಬಳು. ಹಾಗೆ ಸಾಲು ಸಾಲಾಗಿ ಎಲ್ಲರೂ. ಕಡೆಗೆ ತಾಳ ಹಿಡಿದೇ ನನ್ನ ಗಂಡನೂ. ಕುತ್ತಿಗೆಯಲ್ಲಿ ಮಾಲೆ ಇದ್ದುದರಿಂದ ಧಣಿಯೂ ನಿಲ್ಲಲೇಬೇಕಾಯಿತು.

ಮಂಗಳ ಮುಗಿಯಿತು. ತಾಳಗಳು ನೆಲಕ್ಕೆ ಇಳಿದವು. ಆಗ ಉಳಿದ ಸದ್ದು ಎಲ್ಲರಿಗೂ ಕೇಳಿಸಿತು. ನಾಲ್ಕೈದು ಪೆಟ್ಟು ಬಿದ್ದವು, ಒಂದು ಗೋಡೆ ಕುಸಿದ ಶಬ್ದ ಬಂತು, ಆಮೇಲೆ ಒಬ್ಬಳು ಹೆಂಗಸು ಕನ್ನಡದಲ್ಲಿ ಅಳುತ್ತಿರುವುದು ಸ್ಪಷ್ಟವಾಗಿ ಕೇಳಿತು. ಮೂರು ಬಸ್ಸಿನ ಜನ ಹಳದಿ ಸೀರೆ, ಕೇಸರಿ ಶಾಲಿನಲ್ಲಿ ಹಾಗೇ ನಿಂತಿದ್ದೆವು. ಪಕ್ಕದ ಟವರಿನ ಬಾಲ್ಕನಿಗಳಿಗೆ ಜನ ಬಂದರು, ಕೆಲವರ ಕೈಯಲ್ಲಿ ಮೊಬೈಲಿತ್ತು. ಸುತ್ತಿಗೆಗಳು ನಿಂತವು.

ಆಮೇಲಿನದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಬೀಗ ತೆಗೆಸಿದರು, ಫೋನು ವಾಪಸು ಸಿಕ್ಕಿತು. ಪಂಢರಪುರಕ್ಕೆ ಬಸ್ಸು ಹೋಗಲಿಲ್ಲ. ಡ್ರೈವರುಗಳೇ ಕಾಣಲಿಲ್ಲ. ಕೆಲವರು ರಿಕ್ಷಾ ಹಿಡಿದು ಠಾಣೆ ಸ್ಟೇಷನ್ನಿಗೆ ಹೋದರು, ಕೆಲವರು ಪ್ರಸಾದ ಉಂಡೇ ಹೋದರು. ಯಾರೂ ಬಲೆಯ ಆಚೆ ಹೋಗಿ ನೋಡಲಿಲ್ಲ. ಅವರನ್ನು ನಾನು ದೂರುವುದಿಲ್ಲ, ನಾನೂ ಆರು ಪದ ಕೂತಿದ್ದವಳು. ಎರಡು ದಿನ ಬಿಟ್ಟು ಧಣಿ ಫೋನು ಮಾಡಿ, "ಟೀಚರೇ, ಮಂಗಳ ಒಳ್ಳೆಯದಾಗಿತ್ತು. ನಿಮ್ಮ ಮಗಳು ಐರೋಲಿಯ ಆಫೀಸಿಗೆ ಎಂಟು ಹತ್ತರ ಲೋಕಲ್‌ನಲ್ಲಿ ಅಲ್ಲವಾ ಹೋಗುವುದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟ. ಅಂದಿನಿಂದ ಮಗಳು ತಲುಪಿದ ಮೆಸೇಜು ಬರುವವರೆಗೆ ನಾನು ಒಂದು ಗುಟುಕು ಚಹಾ ಕುಡಿಯುವುದಿಲ್ಲ. ಮಗಳಿಗೆ ಕಾರಣ ಹೇಳಿಲ್ಲ. ಅವಳು, "ಮಮ್ಮಿ, ತೂ ಫಾರ್ ಟೆನ್ಶನ್ ಘೇತೇಸ್," ನಿನ್ನ ಚಿಂತೆ ಅತಿಯಾಯಿತು ಎಂದು ನಗುತ್ತಾಳೆ.

ಇದೆಲ್ಲ ಮೊದಲು ಹೇಳಿದ್ದು, ಅಕ್ಕನ ವಿಷಯ ಹೇಳಲು ಹೆದರಿಕೆಯಾಗಿ.

ಜನ ಚದುರುವಾಗ ನಾನು ಹರಿದ ಬಲೆಯೊಳಗೆ ನುಗ್ಗಿ ಆಚೆ ಹೋದೆ. ಹಳದಿ ಸೀರೆ ನೋಡಿ ಚಾಳಿನ ಹೆಂಗಸರು ಹಿಂದೆ ಸರಿದರು. ಒಬ್ಬಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ನನ್ನನ್ನು ನೋಡಿ ಯಾರಾದರೂ ಹೆದರಿದ್ದು ಜನ್ಮದಲ್ಲಿ ಅದೊಂದೇ ಸಲ.

ಅಕ್ಕನ ಕೋಣೆಯ ಮುಂಬಾಗಿಲು ಸರಿಯಾಗಿಯೇ ಇತ್ತು. ಹೊಸ್ತಿಲ ದೀಪವೂ ಉರಿಯುತ್ತಿತ್ತು. ಒಳಗೆ ಹೋದರೆ ಹಿಂದಿನ ಗೋಡೆ ಇಲ್ಲ, ಅಡುಗೆ ಕಟ್ಟೆ ಇಲ್ಲ, ಅವುಗಳ ಜಾಗದಲ್ಲಿ ಬೆಟ್ಟ ಕಾಣುತ್ತಿತ್ತು. ರುಬ್ಬುವ ಯಂತ್ರ ಇಟ್ಟಿಗೆಯ ಅಡಿಯಲ್ಲಿತ್ತು. ಅಕ್ಕ ಮಂಚದ ತುದಿಯಲ್ಲಿ ಕೂತಿದ್ದಳು. ತುಂಬ ಸಣ್ಣಗಾಗಿದ್ದಳು. ತಲೆಯ ಮೇಲೆಲ್ಲ ಸುಣ್ಣದ ಹುಡಿ. ಮಡಿಲಲ್ಲಿ ಮುಚ್ಚಿದ ಒಂದು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬಂದೆಯಾ ಮಗಾ," ಎಂದಳು. "ಬೆಳಿಗ್ಗೆಯೇ ನಿನ್ನ ಸ್ವರ ಗುರುತು ಸಿಕ್ಕಿತು. ನನ್ನನ್ನು ನೋಡಲಿಕ್ಕೆ ಬಂದಿದ್ದಿ ಅಂತ ಸಜ್ಜಿಗೆ ಬಜಿಲ್ ಮಾಡಿಟ್ಟೆ. ಈಗ ತಣ್ಣಗಾಯಿತು."

ಅವಳು ಸೆರಗಿನಿಂದ ಪಾತ್ರೆಯ ಮುಚ್ಚಳದ ಧೂಳು ಒರೆಸಿದಳು.

"ಇವರೆಲ್ಲ ವಕೀಲರಿಗೆ ಫೋನು ಮಾಡ್ತೇವೆ, ಸಾಮಾನು ಹೊರಗೆ ಹಾಕ್ತೇವೆ ಅಂತ ಹೊರಟಿದ್ದರು. ನಾನೇ ಬೇಡ ಅಂದೆ. ಹಾಡುವವಳು ನಮ್ಮ ಹುಡುಗಿ, ಅವಳಿದ್ದಲ್ಲಿ ಎಂತ ಆಗ್ಲಿಕ್ಕಿಲ್ಲ ಅಂದೆ. ನಿಮಗೆಲ್ಲ ನಮ್ಮವರ ಮನೆಯ ಗುರುತು ಸಿಗಲಿ ಅಂತ ಹೊಸ್ತಿಲಿಗೆ ದೀಪವೂ ಇಟ್ಟೆ."